ಹುಣಸೂರಿನಲ್ಲಿ ಸಿಗದ ಲೈಸೆನ್ಸು

ನಮ್ಮ ಕೇರಿಯಲ್ಲಿ ಯಾರೂ ಮುಹೂರ್ತ ನೋಡಿ ಮದುವೆಯಾದವರಲ್ಲ. ಕಂಠಪ್ಪನ ಕೆಲಸ ಮುಗಿದ ಮೇಲೆ ಆದವರು.

ಕಂಠಪ್ಪನ ಅಪ್ಪನ ಕಾಲದಲ್ಲಿ ಆ ಕೆಲಸ ರಾಗಿ ಒಕ್ಕಣೆ. ಕಂಠಪ್ಪನ ಕಾಲಕ್ಕೆ ಹೊಗೆಸೊಪ್ಪು. ಬೆಳೆ ಬದಲಾಯಿತು, ಕಾಯುವುದು ಬದಲಾಗಲಿಲ್ಲ. ಪಕ್ಕದ ಮನೆಯ ಮರಮ್ಮನಿಗೆ ಮೊದಲು ಗೊತ್ತಾಗಿದ್ದವನು ಬೇರೆ. ಅವನು ಕಾದು ಕಾದು ಸಾಕಾಗಿ ಇನ್ನೊಬ್ಬಳನ್ನು ತಂದ. ಕೊನೆಗೆ ಕಂಠಪ್ಪನ ಅಪ್ಪಣೆ ಸಿಕ್ಕಿದಾಗ ಉಳಿದಿದ್ದವನು ಅವನ ತಮ್ಮ. ಮರಮ್ಮ ತಮ್ಮನನ್ನೇ ಕಟ್ಟಿಕೊಂಡಳು, ಅವನು ಮನೆಯಳಿಯನಾಗಿ ಬಂದ. "ಕಾದಿದ್ದಕ್ಕೆ ನಂಗೆ ಲುಕ್ಸಾನೇನೂ ಆಗ್ಲಿಲ್ಲ ಕಣ್ಲಾ, ಅಣ್ಣಂಗೆ ಮೆಳ್ಳೆಗಣ್ಣು" ಎಂದು ಈಗಲೂ ಹೇಳುತ್ತಾಳೆ. ಗಂಡನ ಎದುರಿಗೇ ಹೇಳುತ್ತಾಳೆ. ಅವನು ಬೀಡಿ ಹಚ್ಚುತ್ತಾನೆ.

ನಮ್ಮೂರು ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿದೆ. ಊರಿನ ಯಜಮಾನ ಕಂಠಪ್ಪ. ಅವನ ಮನೆಯ ಹಿಂದೆ ಬ್ಯಾರನ್. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಹೊರಗೆ ಒಲೆಯ ಬಾಯಿ, ಒಳಗೆ ಕಬ್ಬಿಣದ ಕೊಳವೆಗಳು, ಮೇಲೆ ಕೋಲು ಕೋಲಾಗಿ ನೇತುಹಾಕಿದ ಹಸಿ ಸೊಪ್ಪು. ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಹೊಂಬಣ್ಣಕ್ಕೆ ತಿರುಗಿ ಒಣಗುವವರೆಗೆ ಅದು ಆರಬಾರದು, ಅಳತೆ ಮೀರಿ ಏರಲೂಬಾರದು. ಆ ಬೆಂಕಿಯನ್ನು ಕಾಯುವವನು ನನ್ನ ಅಪ್ಪ ಚೆಲುವಯ್ಯ. ಸೀಸನ್ನಿನಲ್ಲಿ ಅವನು ಮನೆಗೆ ಬರುವುದಿಲ್ಲ. ಒಲೆಯ ಬಾಯಿಯ ಎದುರಿಗೇ ಉಣ್ಣುತ್ತಾನೆ, ಅಲ್ಲೇ ಕೂತು ತೂಕಡಿಸುತ್ತಾನೆ. ಅವನ ಕಣ್ಣು ಕೆಂಡ. ಮುಂಗೈಯಲ್ಲಿ ಕೂದಲಿಲ್ಲ. ಅಪ್ಪನ ಹುಬ್ಬನ್ನು ನಾನು ಬೇಸಿಗೆಯಲ್ಲಿ ಮಾತ್ರ ನೋಡಿದ್ದೇನೆ.

ಅವ್ವ ರಾಚಮ್ಮ ಮತ್ತು ಅಕ್ಕ ಮಧುಶ್ರೀ ಹೊಲದಲ್ಲಿ ಸೊಪ್ಪು ಮುರಿಯುತ್ತಾರೆ, ಅಂಗಳದಲ್ಲಿ ಕೋಲಿಗೆ ಕಟ್ಟುತ್ತಾರೆ. ಹಸಿ ಸೊಪ್ಪಿನಲ್ಲಿ ಒಂದು ಅಂಟಿದೆ. ಕೈಗೆ ಹತ್ತಿದಾಗ ಹಸಿರು, ಒಣಗಿದಾಗ ಕಪ್ಪು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಆ ಕೈಯಲ್ಲಿ ಮುರಿದ ಮುದ್ದೆ ಕಹಿ. ಆ ಕೈಯಲ್ಲಿ ಒರೆಸಿಕೊಂಡ ಕಣ್ಣು ಉರಿ. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಸೊಪ್ಪನ್ನು ತಬ್ಬಿ ಹೊತ್ತರೆ ತಲೆ ಸುತ್ತುತ್ತದೆ, ಸಾಲಿನ ನಡುವೆ ಕೂತು ವಾಂತಿ ಮಾಡಿಕೊಳ್ಳುತ್ತಾರೆ. ಬದುವಿನ ಮೇಲೆ ನಿಂತ ಕಂಠಪ್ಪ ಮದುವೆಯಾಗದ ಹುಡುಗಿಯರನ್ನು ಹುಡುಕಿ ಕೇಳುತ್ತಾನೆ: "ಯಾರ್ದೇ ಅದು, ಬಸುರು?" ಅವನ ಜೊತೆ ನಿಂತವರು ನಗುತ್ತಾರೆ. ವಾಂತಿ ಮಾಡಿಕೊಂಡವರು ಬಾಯೊರೆಸಿಕೊಂಡು ಮುಂದಿನ ಗಿಡಕ್ಕೆ ಬಗ್ಗುತ್ತಾರೆ.

ಹೊಗೆಸೊಪ್ಪು ಬೆಳೆಯಲು, ಬ್ಯಾರನ್ ಹಚ್ಚಲು ಸರ್ಕಾರದ ಲೈಸೆನ್ಸು ಬೇಕು. ನಮ್ಮ ಸೀಮೆಯಲ್ಲಿ ಲೈಸೆನ್ಸು ಅಂದರೆ ಅದೊಂದೇ. ಅದಿದ್ದವನಿಗೆ ಬ್ಯಾಂಕಿನಲ್ಲಿ ಕುರ್ಚಿ, ಬೀಗರ ಮನೆಯಲ್ಲಿ ಎರಡನೇ ಸಲ ತುಪ್ಪ. ಕಂಠಪ್ಪ ತನ್ನದಕ್ಕೆ ಗಾಜಿನ ಕಟ್ಟು ಹಾಕಿಸಿ ನಡುಮನೆಯಲ್ಲಿ ದೇವರ ಪಟಗಳ ಸಾಲಿಗೆ ಸೇರಿಸಿದ್ದಾನಂತೆ, ಶುಕ್ರವಾರ ಅದಕ್ಕೂ ಹೂವು ಏರಿಸುತ್ತಾರಂತೆ. ನಾನು ಕಂಡದ್ದಲ್ಲ. ಕೇರಿಯವರಿಗೆ ಅವನ ಅಂಗಳದವರೆಗೆ ಮಾತ್ರ ದಾರಿ.

ಆ ಅಂಗಳದಲ್ಲೇ ಮದುವೆಯ ಅಪ್ಪಣೆಯೂ ಆಗುತ್ತಿತ್ತು. ಕೇರಿಯಲ್ಲಿ ಒಂದು ಹೆಣ್ಣಿಗೆ ಗಂಡು ಗೊತ್ತಾದರೆ ಹೆಣ್ಣೇ ಅಲ್ಲಿಗೆ ಹೋಗಬೇಕು. ಒಂದಿಡೀ ಹಗಲು ಬಿಟ್ಟಿ ದುಡಿಯಬೇಕು. ಸಂಜೆ ಸೆರಗು ಒಡ್ಡಿ ನಿಲ್ಲಬೇಕು. ಕಂಠಪ್ಪ ಜಗಲಿಯ ಮೇಲಿಂದ ಎರಡು ವೀಳ್ಯದೆಲೆ ಎಸೆಯುತ್ತಾನೆ. ತಾಕದಷ್ಟು ದೂರದಿಂದ. ಎಲೆ ಸೆರಗಿಗೆ ಬಿದ್ದರೆ ಸರಿ. ಗಾಳಿಗೆ ನೆಲಕ್ಕೆ ಬಿದ್ದರೆ ಬಗ್ಗಿ ಆರಿಸಿಕೊಳ್ಳಬೇಕು. ಬಗ್ಗುವವರೆಗೆ ಅವನು ನೋಡುತ್ತಾನೆ. ಆಮೇಲೆ "ಮಾಡ್ಕಳಿ" ಅನ್ನುತ್ತಾನೆ. ಸೀಸನ್ ಮುಗಿಯುವ ಮೊದಲು ಅವನು ಎಲೆ ಎಸೆದದ್ದು ಯಾರಿಗೂ ನೆನಪಿಲ್ಲ. ಮದುವೆಯಾದ ಹೆಣ್ಣು ಗಂಡನ ಊರಿಗೆ ಹೋಗುತ್ತಾಳೆ. ಅಂಗಳದಲ್ಲಿ ಒಂದು ಜೊತೆ ಕೈ ಕಡಿಮೆಯಾಗುತ್ತದೆ. ಇದರಲ್ಲಿ ಶಾಸ್ತ್ರ ಇಷ್ಟೇ.

ಮಧುಶ್ರೀಯ ಕೈ ಕೇರಿಯಲ್ಲೆಲ್ಲ ಚುರುಕು. ಅದೇ ಅವಳಿಗೆ ಮುಳುವಾಯಿತು. ಅವಳಿಗೆ ಹಂಪಾಪುರದ ಕಡೆಯ ಚಲುವರಾಜು ಗೊತ್ತಾಗಿ ಎರಡು ವರ್ಷವಾಗಿತ್ತು. ಗಾರೆ ಕೆಲಸದವನು, ಮಾತು ಕಡಿಮೆ, ನಕ್ಕರೆ ಒಸಡು ಕಾಣುತ್ತಿತ್ತು. ಮೊದಲ ವರ್ಷ ಕಂಠಪ್ಪ ಸೊಪ್ಪು ವಿಂಗಡಿಸುವುದು ಮುಗಿಯಲಿ ಎಂದ. ಅದು ಮುಗಿದಾಗ ಸಸಿಮಡಿ ಆಗಲಿ ಎಂದ. ಎರಡನೆಯ ವರ್ಷ ಮಳೆ ತಡವಾಯಿತು. ಮಳೆಗೂ ಅಕ್ಕನ ಮದುವೆಗೂ ಅವನು ಒಟ್ಟಿಗೇ ಬೈದ. ತೊಂಬತ್ತೆಂಟರ ಆಷಾಢದಲ್ಲಿ ಹುಡುಗನ ತಾಯಿ ಸಿದ್ದಲಿಂಗಮ್ಮ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿ ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೇಳಿದಳು. ಈ ಶ್ರಾವಣದಲ್ಲಿ ಆಗದಿದ್ದರೆ ಪಿರಿಯಾಪಟ್ಟಣದ ಕಡೆ ಒಂದು ಹೆಣ್ಣು ನೋಡಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ.

"ನಿಮ್ಮ ಯಜಮಾನ್ರ ಸೊಪ್ಪು ಒಣಗೋ ಒತ್ಗೆ ನನ್ ಮಗ ಒಣಗೋಯ್ತಾನೆ ಕಣವ್ವ" ಎಂದಳು ಅವ್ವನಿಗೆ.

ಶ್ರಾವಣ ಅಂದರೆ ಬ್ಯಾರನ್‌ಗೆ ಬೆಂಕಿ ಬಿದ್ದಿರುವ ತಿಂಗಳು. ಅವ್ವ ಅಂದು ಉಣ್ಣಲಿಲ್ಲ. ಮಧುಶ್ರೀ ಉಂಡಳು. ಉಂಡು, ಬಾಗಿಲ ಬಳಿ ಕೂತು, ಕೈಗೆ ಹುಣಸೆಹಣ್ಣು ಉಜ್ಜತೊಡಗಿದಳು. ಚಲುವರಾಜುವನ್ನು ಅವಳು ಕಂಡದ್ದು ಕಡಿಮೆ. ಆದರೆ ಪಿರಿಯಾಪಟ್ಟಣದವಳನ್ನು ಕಾಣದೆಯೇ ಬೈಯುತ್ತಿದ್ದಳು.

ಆಗ ನಾನು ಬಾಯಿ ಹಾಕಿದೆ.

ನಾನು, ಚೇತನ್‌ಕುಮಾರ, ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಪಾಠಕ್ಕಿಂತ ಹೆಚ್ಚಾಗಿ ಅನುವಾದದ ಕಾದಂಬರಿಗಳನ್ನು ಓದುತ್ತಿದ್ದೆ. ಅವುಗಳಲ್ಲಿ ಹಿಮ ಬೀಳುತ್ತಿತ್ತು, ಜನ ಕಾರಣವಿಲ್ಲದೆ ರೈಲು ಹತ್ತುತ್ತಿದ್ದರು, ಮದುವೆಯಾಗಬೇಕೆಂದರೆ ಲೈಸೆನ್ಸು ತರುತ್ತಿದ್ದರು. ಒಂದು ಕಚೇರಿ, ಒಬ್ಬ ಗುಮಾಸ್ತ, ಒಂದು ಕಾಗದ. ಅದನ್ನು ಮೂಗಿನ ಮುಂದೆ ಹಿಡಿದರೆ ಹುಡುಗಿಯ ಅಪ್ಪನಾಗಲಿ ಊರಿನ ದಣಿಯಾಗಲಿ ಉಸಿರೆತ್ತುವಂತಿರಲಿಲ್ಲ. ಮದುವೆಗೂ ಸರ್ಕಾರದ ಲೈಸೆನ್ಸಿದೆ, ಹುಣಸೂರಿನಲ್ಲಿ ಕೊಡುತ್ತಾರೆ, ನಾನು ತರುತ್ತೇನೆ ಎಂದು ಹೇಳಿಬಿಟ್ಟೆ.

ಕೇರಿ ಅದನ್ನು ನಂಬಿತು. ನಂಬದಿರಲು ಕಾರಣವಿರಲಿಲ್ಲ. ಸೊಪ್ಪು ಒಣಗಿಸಲು ಲೈಸೆನ್ಸು ಬೇಕಾದ ಮೇಲೆ ಮದುವೆಗೆ ಬೇಡವೇ? ತಮಟೆಯ ನಂಜಯ್ಯ ಅದರ ಮೇಲೆ ಸಿಂಹದ ಮುದ್ರೆ ಇರುತ್ತದೋ ಎಂದು ವಿಚಾರಿಸಿದ. ಮರಮ್ಮ ಅದು ಒಂದೇ ಮದುವೆಗೋ ವರ್ಷ ವರ್ಷ ರಿನೀವಲ್ ಮಾಡಿಸಬೇಕೋ ಎಂದು ಕೇಳಿ, ಗಂಡನ ಕಡೆ ನೋಡಿದಳು. ಅವ್ವ ನಮ್ಮ ಗೋಡೆಗೆ ಮೊದಲೇ ಒಂದು ಮೊಳೆ ಹೊಡೆದಿಟ್ಟಳು.

ಕಚೇರಿಗೆ ಹೋಗುವ ಮುಂಚೆ ನಾನು ಕಾಲೇಜಿನ ಲೈಬ್ರರಿಗೆ ಹೋಗಿ ದಪ್ಪ ನಿಘಂಟು ತೆಗೆದೆ. ತರುವ ವಸ್ತುವಿನ ಕುಲಗೋತ್ರ ಗೊತ್ತಿರಲಿ ಎಂದು. ಮ್ಯಾರೇಜ್ ಎಂಬುದು ಹಳೆಯ ಲ್ಯಾಟಿನ್ ಭಾಷೆಯ 'ಗಂಡ' ಎಂಬ ಪದದಿಂದ ಬಂದದ್ದು. ಲೈಸೆನ್ಸ್ ಎಂಬುದು ಅದೇ ಭಾಷೆಯ 'ಅನುಮತಿಯುಂಟು' ಎಂಬ ಪದದಿಂದ. ತಮಾಷೆಯೆಂದರೆ, ಯಾರ ಮಾತನ್ನೂ ಕೇಳದೆ ಮನಬಂದಂತೆ ಕುಣಿಯುವವನಿಗೆ ಇಂಗ್ಲಿಷಿನವರು ಇಟ್ಟ ಹೆಸರೂ ಅದೇ ಬೇರಿನಿಂದ ಹೊರಟಿತ್ತು. ಅಪ್ಪಣೆ ಕೇಳಿದವನೂ ಕೇಳದವನೂ ಒಂದೇ ವಂಶ. ಪಕ್ಕದ ಕನ್ನಡ ನಿಘಂಟಿನಲ್ಲಿ ಪರವಾನಗಿ ಪಾರಸಿಯಿಂದ ಬಂದಿತ್ತು, ರಹದಾರಿಯೂ ಪಾರಸಿಯಿಂದ. ಒಬ್ಬ ರಾಜ ಹೋಗಿ ಇನ್ನೊಬ್ಬ ಬಂದಾಗಲೆಲ್ಲ ನಮಗೆ ಅಪ್ಪಣೆ ಕೇಳಲು ಹೊಸದೊಂದು ಪದ ಸಿಕ್ಕಿತ್ತು. ಇದನ್ನೆಲ್ಲ ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಗಂಡ ಎಂಬಲ್ಲಿಗೇ ನಿಂತಿದ್ದಳು.

"ಬೇರಲ್ಲಿ ಗಂಡ ಅವ್ನೆ. ಬಿಟ್ಟಿ ಸೊಪ್ಪು ಕಟ್ಟೋಕೆ ಮಾತ್ರ ನಾನಾ?" ಎಂದಳು.

ಮರುದಿನ ಕಚೇರಿಗೆ ಹೋದೆ. ಜಮೀನು ನೋಂದಾಯಿಸುವ ಕಚೇರಿಯೇ ಮದುವೆಯದ್ದೂ. ಜಮೀನಿನವರ ಸಾಲು ಉದ್ದವಿತ್ತು. ಮದುವೆಯ ಸಾಲಿನಲ್ಲಿ ನಾನೊಬ್ಬನೇ. ಮೇಜಿನ ಹಿಂದೆ ಕನ್ನಡಕ ಹಾಕಿದ ವಯಸ್ಸಾದ ಗುಮಾಸ್ತರು ಶೇಂಗಾ ಬಿಡಿಸುತ್ತಿದ್ದರು. ಮದುವೆ ಲೈಸೆನ್ಸು ಬೇಕಿತ್ತು ಸಾರ್, ಎಂದೆ. ಅವರು ಶೇಂಗಾ ಬಿಡಿಸುವುದನ್ನು ನಿಲ್ಲಿಸಿದರು.

"ಬಂದೂಕಿಗೆ ಕೊಡ್ತಾರೆ. ಲಾರಿ ಓಡ್ಸೋಕೆ ಕೊಡ್ತಾರೆ. ಬ್ರಾಂದಿ ಅಂಗಡಿಗೆ ಕೊಡ್ತಾರೆ. ಮದ್ವೆಯೂ ಅಷ್ಟೇ ಅಪಾಯ ಅಂತ ಸರ್ಕಾರಕ್ಕಿನ್ನೂ ಗೊತ್ತಾಗಿಲ್ಲ ಕಣಪ್ಪ."

ಒಳ್ಳೆಯ ಮನುಷ್ಯ. ನಗಿಸಿದ ಮೇಲೆ ಕೂರಿಸಿ ಹೇಳಿದರು. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಿರಬೇಕು. ನಿಮ್ಮ ಜನರ ಪದ್ಧತಿಯಲ್ಲಿ ತಾಳಿ ಕಟ್ಟಿಕೊಳ್ಳಿ. ಆಮೇಲೆ ಸಾಕ್ಷಿಗಳ ಜೊತೆ ಬನ್ನಿ, ಬರೆದುಕೊಳ್ಳುತ್ತೇವೆ. ಆದದ್ದನ್ನು ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ, ಆಗು ಎನ್ನುವುದಲ್ಲ. ನಾನು ಬಿಡಲಿಲ್ಲ. ಹಾಗಾದರೆ ಆಗು ಎನ್ನುವವರು ಯಾರು ಸಾರ್, ಯಾವ ಕಚೇರಿ, ಮೈಸೂರಾ? ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಯಾವ ಊರಿನ ಯಾವ ಕೊನೆಯಿಂದ ಬಂದಿದ್ದೇನೆಂದು ಅವರಿಗೆ ಆಗ ಹೊಳೆದಿರಬೇಕು.

"ಯಾರೂ ಇಲ್ಲ" ಎಂದರು.

ನಿಮ್ಮಲ್ಲಿ ಯಾರಾದರೂ ತಡೆದರೆ ಪೊಲೀಸಿಗೆ ಹೇಳಿ ಎಂದೂ ಸೇರಿಸಿದರು. ಒಂದು ಹಿಡಿ ಶೇಂಗಾ ಕೊಟ್ಟರು. ನಾನು ಕೋಟೆ ಬಸ್ಸಿನಲ್ಲಿ ಅದನ್ನು ತಿನ್ನುತ್ತ, ಕೇರಿಗೆ ಏನು ಹೇಳುವುದೆಂದು ಯೋಚಿಸುತ್ತ ಬಂದೆ. ಸುಳ್ಳು ಹೇಳಬಹುದಿತ್ತು. ಯಾವುದಾದರೂ ಮುದ್ರೆಯಿರುವ ಕಾಗದ ತೋರಿಸಿದರೆ ಮೊಳೆಯೂ ತುಂಬುತ್ತಿತ್ತು. ನನ್ನ ಕಾದಂಬರಿಗಳ ನಾಯಕರು ಹಾಗೇ ಮಾಡುತ್ತಿದ್ದರು. ಆದರೆ ಬಸ್ಸಿಳಿಯುವಾಗಲೇ ನಂಜಯ್ಯ ಎದುರಾದ. ಕೈ ಒರೆಸಿಕೊಂಡು ಬಂದಿದ್ದ, ಕಾಗದ ಮುಟ್ಟಿ ನೋಡಲು.

ನಮ್ಮ ಮನೆಯ ಮುಂದೆ ಎಲ್ಲರೂ ಕೂತಿದ್ದರು. ಇಲ್ಲವಂತೆ, ಎಂದೆ. ನಮಗಿಲ್ಲವೋ ಎಂದು ನಂಜಯ್ಯ ಕೇಳಿದ. ಇಲ್ಲವೆನ್ನುವುದು ಅವನಿಗೆ ಹೊಸದಲ್ಲ, ಯಾರಿಗೆ ಎನ್ನುವುದಷ್ಟೇ ತಿಳಿಯಬೇಕಿತ್ತು. ಯಾರಿಗೂ ಇಲ್ಲವಂತೆ, ಎಂದೆ. ಮದುವೆಗೆ ಅಪ್ಪಣೆ ಕೊಡುವವರು ಈ ದೇಶದಲ್ಲೇ ಇಲ್ಲವಂತೆ. ಅವ್ವ ಮೊಳೆಯ ಕಡೆ ನೋಡಿದಳು. ಮರಮ್ಮ ತಲೆ ಕೆರೆದುಕೊಂಡು, ಹಾಗಾದರೆ ಕಂಠಪ್ಪನ ಮಗಳ ಮದುವೆಗೆ ಯಾರು ಕೊಟ್ಟರು ಎಂದಳು. ಯಾರೂ ಕೊಟ್ಟಿರಲಿಲ್ಲ. ಮೈಸೂರಿನಿಂದ ಬ್ಯಾಂಡು ಮಾತ್ರ ಬಂದಿತ್ತು.

ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ನನ್ನನ್ನು ಆಡಿಕೊಳ್ಳುವರೆಂದುಕೊಂಡಿದ್ದೆ. ಬಾಗಿಲಲ್ಲಿ ಕೂತು ಕೈ ಉಜ್ಜುತ್ತಿದ್ದ ಮಧುಶ್ರೀ ಹುಣಸೆಹಣ್ಣನ್ನು ಕೆಳಗಿಟ್ಟಳು.

"ಕೊಡೋರೇ ಇಲ್ಲ ಅಂದ್ಮೇಲೆ ಇಷ್ಟು ದಿನ ಅವ್ನು ಕೊಟ್ಟಿದ್ದೇನು?" ಎಂದಳು.

ಮರಮ್ಮನ ಗಂಡ ಹಚ್ಚಿದ ಬೀಡಿಯನ್ನು ಸೇದುವುದನ್ನು ಮರೆತ.

ಅವ್ವ ಹೆದರಿದಳು. ಕಾಗದವಿದ್ದರೆ ಧೈರ್ಯ ಬೇರೆ, ಬರಿಗೈಯಲ್ಲಿ ಹೇಗೆ ಎಂದಳು. ಗೋಗರೆದು ಎಲೆ ಅಪ್ಪಣೆ ತಂದುಬಿಡೋಣ, ಕಾಲು ಹಿಡಿಯೋಣ ಎಂದಳು. ಅಕ್ಕ ಕೇಳಲಿಲ್ಲ. ಶ್ರಾವಣದ ಮೊದಲ ಶುಕ್ರವಾರ ಎಂದು ಅವಳೇ ದಿನ ಹೇಳಿದಳು, ಗಂಡಿನವರಿಗೆ ನನ್ನಿಂದ ಹೇಳಿಕಳಿಸಿದಳು. ಅವಳಿಗೆ ಪಂಚಾಂಗ ಗೊತ್ತಿಲ್ಲ. ಬುಧವಾರ ಬ್ಯಾರನ್‌ಗೆ ಸೊಪ್ಪು ತುಂಬುತ್ತಾರೆ, ಶುಕ್ರವಾರ ಬೆಂಕಿ ಏರುವ ದಿನ ಎನ್ನುವುದು ಗೊತ್ತಿತ್ತು. ಅದನ್ನು ಯೋಚಿಸಿಯೇ ಹೇಳಿದಳೋ ಎಂದು ನಾನು ಆಮೇಲೆ ಬಹಳ ಸಲ ಕೇಳಿದ್ದೇನೆ. ಒಳ್ಳೆ ದಿನ ಕಣ್ಲಾ ಅದು, ಅನ್ನುತ್ತಾಳೆ.

ಆ ವಾರದ ಮಂಗಳವಾರ ಅವಳು ಕಂಠಪ್ಪನ ಅಂಗಳಕ್ಕೆ ಹೋದಳು. ಕೆಲಸದ ಹರಕು ಶರ್ಟು ತೊಟ್ಟು ಹೋಗಲಿಲ್ಲ. ಮರಮ್ಮನ ರೇಷ್ಮೆಯಂಥ ಸೀರೆ ಉಟ್ಟು, ಹೂ ಮುಡಿದು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನ, ಕುಂಕುಮ ಇಟ್ಟುಕೊಂಡು ಹೋದಳು. ಹಿಂದೆ ನಾನು. ನನ್ನ ಹಿಂದೆ ಬಹಳ ದೂರದಲ್ಲಿ ಅವ್ವ. ಅಂಗಳದಲ್ಲಿ ಸೊಪ್ಪು ಕಟ್ಟುತ್ತಿದ್ದ ಹೆಂಗಸರ ಕೈ ನಿಂತಿತು. ಕಂಠಪ್ಪ ಜಗಲಿಯ ಮೇಲೆ ಕೂತಿದ್ದ. ಬನಿಯನ್ನು, ಕೊರಳಲ್ಲಿ ಟವೆಲು, ಬಾಯಲ್ಲಿ ಎಲೆಯಡಿಕೆ.

"ಬಂದ್ಯಾ. ಓಗು, ಸೊಪ್ಪು ಕಟ್ಟೋಗು. ಸಂಜೆಗೆ ನೋಡಾನ" ಎಂದ. ಸಂಜೆಗೆ ಅವನು ಏನು ನೋಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಎರಡು ವರ್ಷವೂ ಅವಳು ಬಿಟ್ಟಿ ದುಡಿದು, ಸೆರಗೊಡ್ಡಿ ನಿಂತು, ಬರಿ ಸೆರಗು ಮಡಿಚಿಕೊಂಡು ಬಂದಿದ್ದಳು.

ನಮ್ಮ ಕೇರಿಯವರು ಅವನನ್ನು ಬುದ್ದಿ ಎಂದು ಕರೆಯುತ್ತಾರೆ. ನಮ್ಮಲ್ಲಿಲ್ಲದ್ದು ಅವನಲ್ಲಿದೆ ಎಂಬಂತೆ. ಹುಟ್ಟಿದ ಮಗುವಿಗೆ ಅವ್ವ, ಅಪ್ಪ ಆದ ಮೇಲೆ ಕಲಿಸುವ ಮಾತು ಅದು. ಅಕ್ಕ ಅಂದು ಅದನ್ನು ನುಂಗಿಕೊಂಡಳು.

"ಕೆಲ್ಸಕ್ಕೆ ಬಂದಿಲ್ಲ ಯಜಮಾನ್ರೇ. ಕರೆಯಕ್ಕೆ ಬಂದೆ. ಶುಕ್ರವಾರ ನನ್ ಮದ್ವೆ. ಮನೆಯವ್ರೆಲ್ಲ ಬನ್ನಿ."

ಕಂಠಪ್ಪ ಉಗಿಯಲು ಎದ್ದವನು ಉಗಿಯದೆ ಕೂತ. ಎಲೆ ಎಸೆಯುವುದು ಗೊತ್ತಿತ್ತು ಅವ‍ನಿಗೆ. ಎಲೆ ಇಸಿದುಕೊಳ್ಳುವುದು ಗೊತ್ತಿರಲಿಲ್ಲ. ತಟ್ಟೆ ಅವನ ಮಂಡಿಯ ಎತ್ತರದಲ್ಲಿ ನಿಂತಿತ್ತು. ಕರೆಯಲು ಬಂದವರ ತಟ್ಟೆಯಿಂದ ಎಲೆ ತೆಗೆದುಕೊಂಡರೆ ಬರುತ್ತೇನೆಂದು ಅರ್ಥ. ಅದು ಎಲ್ಲ ಜಾತಿಗೂ ಒಂದೇ. ಅವನ ಬಾಯಿ ತುಂಬಿತ್ತು. ಅದನ್ನು ಒಂದು ಕೆನ್ನೆಗೆ ಒತ್ತಿಕೊಂಡು, ಅಪ್ಪಣೆ ಯಾರು ಕೊಟ್ಟರು ಎಂದು ಕೇಳಿದ.

"ಯಾರೂ ಕೊಡಕ್ಕಿಲ್ವಂತೆ. ನಮ್ ಚೇತನ ಹುಣಸೂರಲ್ಲಿ ಕೇಳ್ಕಂಡು ಬಂದವ್ನೆ" ಎಂದಳು ಅಕ್ಕ. ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ.

ಅವನು ನನ್ನ ಕಡೆ ತಿರುಗಿದ. ನಾನು ಹೌದೆಂದೆ. ಏನೇನೋ ಹೇಳಬೇಕೆಂದಿದ್ದೆ, ಹೌದು ಎನ್ನುವುದಷ್ಟೇ ಬಂತು. ಕಂಠಪ್ಪ ಎದ್ದು ನಿಂತ. ಈ ಊರಲ್ಲಿ ಯಾರ ಮಾತು ನಡೆಯುತ್ತದೆ ಎಂದು ಹೇಳಿದ. ತನ್ನ ತಾತನಿಂದ ಶುರುಮಾಡಿದ. ನಮ್ಮ ತಾತ ಯಾರ ಸಗಣಿ ಎತ್ತಿದ ಎಂದು ನೆನಪು ಮಾಡಿದ. ಅಕ್ಕ ತಟ್ಟೆ ಇಳಿಸಲಿಲ್ಲ. ಅಡಿಕೆ ಕಟಕಟ ಎನ್ನುತ್ತಿತ್ತು.

"ನಾನು ಲೈಸೆನ್ಸ್‌ದಾರ ಕಣೇ" ಎಂದ ಕೊನೆಗೆ.

"ಸೊಪ್ಪಿಗೆ" ಎಂದಳು ಅಕ್ಕ.

ಸೊಪ್ಪು ಕಟ್ಟುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಕಂಠಪ್ಪ ಆ ಕಡೆ ತಿರುಗುವಷ್ಟರಲ್ಲಿ ಎಲ್ಲರೂ ಕೋಲಿಗೆ ಬಗ್ಗಿದ್ದರು. ಆಗ ಅವನ ಹೆಂಡತಿ ವೀರಮ್ಮ ಏನು ಗದ್ದಲವೆಂದು ಹೊರಗೆ ಬಂದಳು. ಕಣ್ಣೆದುರಿಗೆ ಮದುವಣಗಿತ್ತಿ, ತಟ್ಟೆಯಲ್ಲಿ ಕುಂಕುಮ. ಅವಳ ಕೈ ಅವಳಿಗಿಂತ ಮುಂಚೆ ಹೊರಟಿತು. ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು, ತಾಳಿಗೆ ಮುಟ್ಟಿಸಿದಳು, ಎರಡು ಎಲೆ ಒಂದು ಅಡಿಕೆ ಎತ್ತಿಕೊಂಡಳು. ಎತ್ತಿಕೊಳ್ಳುವಾಗ ಅವಳ ಬೆರಳು ಅಕ್ಕನ ಕಪ್ಪು ಬೆರಳಿಗೆ ತಾಗಿತು. ಆಮೇಲೆ ಗಂಡನ ಮುಖ ನೋಡಿದಳು.

"ಕುಂಕುಮ ಬ್ಯಾಡ ಅನ್ನಕ್ಕಾಯ್ತದಾ? ನೀವಿನ್ನೂ ಬದುಕಿದ್ದೀರಿ" ಎಂದು ಹೇಳಿ, ಎಲೆ ಹಿಡಿದುಕೊಂಡೇ ಒಳಗೆ ಹೋದಳು.

ಕಂಠಪ್ಪ ಅಕ್ಕನ ಕಡೆ ತಿರುಗಿದ. ಶುಕ್ರವಾರ ನಿಮ್ಮಪ್ಪ ಬೆಂಕಿಯ ಮುಂದೆ ಇರದಿದ್ದರೆ ನಿಮ್ಮ ಮನೆಯವರಿಗೆ ಈ ಊರಿನಲ್ಲಿ ಒಂದು ಕಡ್ಡಿ ಎತ್ತುವ ಕೆಲಸವೂ ಸಿಗದು ಎಂದ. ಅಕ್ಕ ತಟ್ಟೆಯನ್ನು ಸೊಂಟಕ್ಕಿಟ್ಟುಕೊಂಡು ತಿರುಗಿದಳು. ಹೋಗುವಾಗ ಸೊಪ್ಪು ಕಟ್ಟುವ ಹೆಂಗಸರ ಬಳಿ ಒಬ್ಬೊಬ್ಬರ ಮುಂದೆಯೂ ನಿಂತು ಕರೆದಳು. ಅವರು ಕಪ್ಪು ಕೈಗಳನ್ನು ಸೀರೆಗೆ ಒರೆಸಿಕೊಂಡು ಎಲೆ ತೆಗೆದುಕೊಂಡರು. ಅವನು ನೋಡುತ್ತಿದ್ದ. ಯಾರೂ ಬಗ್ಗಲಿಲ್ಲ, ಎಲೆ ಕೆಳಗೆ ಬೀಳಲಿಲ್ಲ.

ಇನ್ನು ಅಪ್ಪ. ಅಪ್ಪನ ಮೇಲೆ ನಮಗೆ ನಂಬಿಕೆಯಿರಲಿಲ್ಲ. ಅವನು ಜೀವಮಾನದಲ್ಲಿ ಒಲೆಯನ್ನು ಬಿಟ್ಟು ಬಂದವನಲ್ಲ. ನಾನು ಹುಟ್ಟಿದ ಸುದ್ದಿಯನ್ನು ಅವನಿಗೆ ಒಲೆಯ ಬಳಿಗೇ ಹೋಗಿ ಹೇಳಿದ್ದರಂತೆ. ಗಂಡಾ ಎಂದು ಕೇಳಿ ಇನ್ನೊಂದು ಕೊರಡು ತಳ್ಳಿದನಂತೆ. ಬುಧವಾರ ಬ್ಯಾರನ್ ತುಂಬಿತು, ಅವನು ಬೆಂಕಿ ಹಾಕಿದ. ಗುರುವಾರ ಅಲ್ಲೇ ಇದ್ದ. ಅವ್ವ ಊಟ ಕೊಟ್ಟು ಬಂದು, ಏನೂ ಹೇಳಲಿಲ್ಲ ಎಂದಳು.

ಶುಕ್ರವಾರ ಬೆಳಿಗ್ಗೆ ಅವನು ಒಲೆಯ ಪಕ್ಕ ನೀಲಗಿರಿ ಕೊರಡುಗಳನ್ನು ಎದೆಯೆತ್ತರ ಒಟ್ಟಿದ. ಕೆಂಡ ಕೆದಕುವ ಉದ್ದನೆಯ ಕಬ್ಬಿಣದ ಕೋಲನ್ನು ಗೋಡೆಗೆ ಒರಗಿಸಿದ. ಕಂಠಪ್ಪ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದಾಗ ಹೇಳಿದ. ಇದನ್ನು ಅಪ್ಪನೇ ನನಗೆ ಹೇಳಿದ್ದು. ಬೇರೆ ಯಾವ ಮಾತನ್ನೂ ಅವನು ಇಷ್ಟು ಸಲ ಹೇಳಿಲ್ಲ.

"ಕೋಲು ಇಲ್ಲೈತೆ ಬುದ್ದಿ. ಸೌದೆ ಇಲ್ಲೈತೆ. ಬೆಂಕಿ ನಿಮ್ದು. ಮಗಳು ನಂದು."

ಅಷ್ಟು ಹೇಳಿ ಬಂದುಬಿಟ್ಟ. ಬುದ್ದಿ ಅನ್ನುವುದನ್ನು ಬಿಡಲು ಅವನಿಗಾಗಲಿಲ್ಲ. ಆದರೆ ಬಂದ. ಮನೆಗೆ ಬಂದು, ಎಷ್ಟು ಹೊತ್ತಿನವರೆಗೋ ನೀರು ಹುಯ್ದುಕೊಂಡ. ಬಿಳಿ ಪಂಚೆ ಉಟ್ಟ ಮೇಲೆ ಮರಮ್ಮ ಅವನನ್ನು ತಡೆದು ನಿಲ್ಲಿಸಿ, ಬೀಗರು ಬಂದಾಗ ಹೆಣ್ಣಿನಪ್ಪನಿಗೆ ಹುಬ್ಬಿಲ್ಲದಿದ್ದರೆ ಏನಂದುಕೊಂಡಾರು ಎಂದು ಹೇಳಿ, ಕಾಡಿಗೆಯಲ್ಲಿ ಎರಡು ಹುಬ್ಬು ಬರೆದಳು. ಒಂದು ತುಸು ಮೇಲೆ ಹೋಯಿತು. ಅಂದು ಇಡೀ ದಿನ ಅಪ್ಪ ಏನನ್ನೋ ಕಂಡು ಆಶ್ಚರ್ಯಪಟ್ಟವನಂತೆ ಓಡಾಡಿದ.

ಕಂಠಪ್ಪ ಆಳುಗಳನ್ನು ಕೂಗಿದ. ಕೇರಿಯಿಂದ ಯಾರೂ ಹೋಗಲಿಲ್ಲ. ಮದುವೆಗೆ ಕರೆದಿದ್ದಾರೆ, ಎಲೆ ತೆಗೆದುಕೊಂಡಿದ್ದೇವೆ ಎಂದರು. ಊರೊಳಗಿನ ನೆಂಟರನ್ನು ಕರೆಸಿದ. ಅವರವರ ಬ್ಯಾರನ್‌ಗಳಲ್ಲೂ ಆಳುಗಳು ಮದುವೆಗೆ ಹೊರಟಿದ್ದರು. ಅವರವರ ಬೆಂಕಿ ಅವರವರಿಗಾಗಿತ್ತು. ಕೊನೆಗೆ ಕಂಠಪ್ಪನೇ ಒಲೆಯ ಮುಂದೆ ಕೂತ. ಏಳುವಂತಿಲ್ಲ. ಎದ್ದರೆ ಸೊಪ್ಪು ಕಪ್ಪಾಗುತ್ತದೆ. ಮದುವೆ ತಡೆಯಲು ಕೇರಿಗೆ ಬರಬೇಕೆಂದಿದ್ದನಂತೆ. ಬೆಂಕಿ ಬಿಡಲಿಲ್ಲ.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ನೀವು ಸುಖದ ಕಥೆ ಎಂದುಕೊಳ್ಳುತ್ತೀರಿ. ಅವನು ನಮ್ಮ ಮನೆಗೆ ಕೆಲಸ ನಿಲ್ಲಿಸಿದ. ಅಂಗಡಿಯವನು ಅವ್ವನನ್ನು ಕಂಡರೆ ಬೇರೆ ಕಡೆ ನೋಡತೊಡಗಿದ. ಅಪ್ಪ ಅವ್ವ ಕೆ.ಆರ್. ನಗರದ ಕಡೆ ಗದ್ದೆ ನಾಟಿಗೆ ಹೋಗಿ, ಕೆಸರಿನಲ್ಲಿ ಕಾಲು ಕೊಳೆಯಿಸಿಕೊಂಡು ಬಂದರು. ಮದುವೆಗೆ ಬಂದ ಉಳಿದವರನ್ನು ಕಂಠಪ್ಪ ಮರುವಾರವೇ ವಾಪಸು ಕರೆದ. ಸೊಪ್ಪು ಗಿಡದಲ್ಲೇ ಹಣ್ಣಾಗುತ್ತಿತ್ತು. ಪೌರುಷ ತೋರಿಸಲು ಅವನಿಗೆ ಅದು ಸೀಸನ್ ಆಗಿರಲಿಲ್ಲ.

ಆದರೆ ಅಂದು ಶುಕ್ರವಾರ. ಹೊಂಗೆ ಸೊಪ್ಪಿನ ಚಪ್ಪರ. ಗಂಡಿನವರು ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಸಿದ್ದಲಿಂಗಮ್ಮ ಚಪ್ಪರದ ಸುತ್ತ ಕಣ್ಣಾಡಿಸಿ, ನಿಮ್ಮ ಯಜಮಾನರೆಲ್ಲಿ ಎಂದಳು. ಅವರು ಒಲೆ ಕಾಯುತ್ತಿದ್ದಾರೆ ಎಂದು ಮರಮ್ಮ ಬಹಳ ಗೌರವದಿಂದ ಹೇಳಿದಳು. ಸಿದ್ದಲಿಂಗಮ್ಮ ಅಡುಗೆಯ ಒಲೆ ಎಂದು ತಿಳಿದು, ಎಂಥ ದೊಡ್ಡ ಮನುಷ್ಯರು ಎಂದಳು. ಯಾರೂ ತಿದ್ದಲಿಲ್ಲ.

ಮಧುಶ್ರೀಯ ಅಂಗೈಗೆ ಹಚ್ಚಿದ ಅರಿಶಿನ ಅಂಟಿನ ಕಪ್ಪಿನ ಮೇಲೆ ಕೂತು ಪಾಚಿಯ ಬಣ್ಣವಾಗಿತ್ತು. ಚಲುವರಾಜು ಅದನ್ನು ನೋಡಿ ತನ್ನ ಅಂಗೈ ತೋರಿಸಿದ. ಸಿಮೆಂಟು ತಿಂದು ಬಿರುಕು ಬಿಟ್ಟಿತ್ತು. ಇಬ್ಬರೂ ನಕ್ಕರು. ಒಸಡು ಕಂಡಿತು. ನಮ್ಮ ಪೂಜಾರಿ ದಾಸಯ್ಯ ತಾಳಿಯನ್ನು ಎಲ್ಲರಿಗೂ ಮುಟ್ಟಿಸಿ ತಂದ. ಚಲುವರಾಜು ಅದನ್ನು ಹಿಡಿದು ಎರಡೂ ಕೈ ಎತ್ತಿದ.

ತಮಟೆ ಸದ್ದಾಗಲಿಲ್ಲ.

ತಾಳಿ ಕಟ್ಟುವಾಗ ತಮಟೆ ಬಡಿಯಲೇಬೇಕು. ಕೆಟ್ಟ ಮಾತೊಂದೂ ಕಿವಿಗೆ ಬೀಳಬಾರದು. ಎಲ್ಲರೂ ನಂಜಯ್ಯನ ಕಡೆ ತಿರುಗಿದರು. ಅವನು ತಮಟೆ ಕಾಯಿಸಿಕೊಂಡು, ಕಡ್ಡಿ ಹಿಡಿದುಕೊಂಡು ನಿಂತಿದ್ದ. ಬೆವರುತ್ತಿದ್ದ. ನಂಜಯ್ಯ ಅದುವರೆಗೆ ಬಡಿದ ಎಲ್ಲ ಮದುವೆಗಳಲ್ಲೂ ಕಂಠಪ್ಪನ ಅಂಗಳದಿಂದ ಒಬ್ಬ ಆಳು ಬಂದು ಬಡಿ ಕಣ್ಲಾ ಎಂದು ಹೇಳುತ್ತಿದ್ದ. ಆ ಮಾತು ಬಿದ್ದ ಮೇಲೆ ಕೈ ಏಳುತ್ತಿತ್ತು.

"ಎದ್ರಿಕೆ ಅಲ್ಲ ಕಣವ್ವ. ಕೈ ಏಳ್ತಿಲ್ಲ" ಎಂದ ಮಧುಶ್ರೀಗೆ.

ಬಡಿ ಎನ್ನಲು ಮರಮ್ಮ ಬಾಯಿ ತೆರೆದಳು. ಅಪ್ಪನೂ ತೆರೆದ. ನಾನೂ ತೆರೆದೆ. ಅಕ್ಕ ತಲೆಯೆತ್ತದೆ ಕೈ ಅಡ್ಡ ಹಿಡಿದಳು.

"ಯಾರೂ ಯೋಳ್ಬ್ಯಾಡಿ" ಎಂದಳು.

ಯಾರೂ ಹೇಳಲಿಲ್ಲ. ಒಂದು ಕೋಳಿ ಬಂದು ಅಕ್ಷತೆ ಹೆಕ್ಕತೊಡಗಿತು. ಚಲುವರಾಜು ಇಟ್ಟಿಗೆ ಹೊತ್ತು ಅಭ್ಯಾಸವಿದ್ದವನು, ಎತ್ತಿದ ಕೈ ಇಳಿಸಲಿಲ್ಲ. ಸಿದ್ದಲಿಂಗಮ್ಮ ಏನೋ ಗೊಣಗಿದಳು. ನಂಜಯ್ಯ ತನ್ನ ಬಲಗೈಯನ್ನು ಬೇರೆಯವರದ್ದೋ ಎಂಬಂತೆ ನೋಡಿದ.

ಒಂದು ಸಲ ಬಡಿದ.

ಬಡಿದು, ರಸ್ತೆಯ ಕಡೆ ನೋಡಿದ. ಯಾರೂ ಬರಲಿಲ್ಲ. ಬ್ಯಾರನ್ನಿನ ಮೇಲೆ ಹೊಗೆ ಮಾತ್ರ ಏಳುತ್ತಿತ್ತು. ಇನ್ನೊಂದು ಸಲ ಬಡಿದ, ಮತ್ತೆ ನೋಡಿದ. ಆಮೇಲೆ ನೋಡಲಿಲ್ಲ. ತಾಳಿ ಬಿತ್ತು, ಅಕ್ಷತೆ ಬಿತ್ತು, ಅವ್ವ ಅತ್ತಳು, ಕೋಳಿ ಓಡಿತು. ಆ ಸದ್ದಿನಲ್ಲಿ ದಾಸಯ್ಯನ ಹಾಡು ಯಾರಿಗೂ ಕೇಳಿಸಲಿಲ್ಲ.

ಧಾರೆ ಮುಗಿಯಿತು. ನಂಜಯ್ಯ ಬಡಿಯುತ್ತಲೇ ಇದ್ದ. ಎಲೆ ಹಾಕಿದರು, ಪಾಯಸ ಬಡಿಸಿದರು, ಬಡಿಯುತ್ತಲೇ ಇದ್ದ. ಒಂದು ಪಂಕ್ತಿ ಎದ್ದು ಇನ್ನೊಂದು ಕೂತಿತು. ಅನ್ನ ಬೇಕೋ ಸಾರು ಬೇಕೋ ಎಂದು ಕೈಸನ್ನೆಯಲ್ಲಿ ಕೇಳಬೇಕಾಯಿತು. ಸಿದ್ದಲಿಂಗಮ್ಮ ಕಿವಿಗೆ ಸೆರಗು ಒತ್ತಿಕೊಂಡು, ಸಾಕು ಅನ್ನಲು ಯಾರಿಗಾದರೂ ಹೇಳಿ ಎಂದು ಅವ್ವನ ಮೊಣಕೈ ತಿವಿದಳು. ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಆಶ್ಚರ್ಯದಿಂದ ನನ್ನನ್ನು ನೋಡಿದ. ನಾನು ಎದ್ದು ನಂಜಯ್ಯನ ಹತ್ತಿರದವರೆಗೂ ಹೋದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ನಾನು ತಿರುಗಿ ಬಂದು ನನ್ನ ಎಲೆಯ ಮುಂದೆ ಕೂತೆ. ಸಾಕು ಎನ್ನುವ ಅಧಿಕಾರ ಆ ಚಪ್ಪರದಡಿ ಯಾರಿಗೂ ಇರಲಿಲ್ಲ.